ಸೊಸೆಯ ಒಂಟೆಗೆ ಸುರಿದ ಎಣ್ಣೆ

“ಮೊದ್ಲು ಸುಯಿಂಶಿ ಕೊಡಿ, ಆಮೇಲೆ ಹೇಳ್ತೀನಿ. ಅಲ್ಲ, ನನ್ನ ಹೊಟ್ಟೇಲಿ ಇದು ನಿಲ್ಲಲ್ಲ, ಹೇಳೇಬಿಡ್ತೀನಿ. ನಾಳೆಯಿಂದ ಹದಿನಾಲ್ಕನೇ ನಂಬರು ನಿಮ್ಮ ಸೊಸೆಗಂತೆ, ರಿಸೆಕೆ. ಆಫೀಸಿನ ಬೋರ್ಡಿಗೆ ಕಾಗದ ಹಚ್ಚಿದಾರೆ, ಅಂಟು ಕೂಡ ಒಣಗಿಲ್ಲ.”

ಗಣಿಯ ಕಿರಿಯರು ಗೌರವಕ್ಕೆ ರಿಸೆಕೆ ಎನ್ನುವ ರಿಸ್‌ಬೆಕ್ ಏಣಿಯ ಮೇಲಿನಿಂದ ಬಗ್ಗಿ ನೋಡಿದ. ಕಲ್ಲಿದ್ದಲು ಗಣಿಯ ಉಗ್ರಾಣ ನೋಡಿಕೊಳ್ಳುವ ಕಮ್ಶಾತ್ ಕೆಸರಿನಲ್ಲಿ ರಬ್ಬರ್ ಬೂಟು ಊರಿ, ಅಂಗೈ ಚಾಚಿ ನಿಂತಿದ್ದಳು. ಒಳ್ಳೆಯ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಂದವರಿಗೆ ಸಲ್ಲುವ ಉಡುಗೊರೆಯನ್ನು ಅವಳು ಜನ್ಮದಲ್ಲಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹೆತ್ತವಳಿಗಿಂತ ಮುಂಚೆ ಕಮ್ಶಾತಳಿಗೆ ಗೊತ್ತು ಎಂದು ಗಣಿಯವರು ಆಡಿಕೊಳ್ಳುತ್ತಿದ್ದರು.

“ಯಾವ ಹದಿನಾಲ್ಕು?” ಅಂದ ರಿಸ್‌ಬೆಕ್.

“ನೀವು ಹತ್ತಿ ನಿಂತಿದೀರಲ್ಲ, ಅದೇ.”

“ಅವಳಿಗೆ ಸಣ್ಣ ಲೋಡರು ಕೊಡ್ತೀವಿ ಅಂದಿದ್ರು.”

“ಸಣ್ಣದರ ಪರೀಕ್ಷೆ ಒಂಬತ್ತು ಜನ ಪಾಸಾದ್ರು. ದೊಡ್ಡದರದ್ದು ಪಾಸಾದವಳು ಇವಳೊಬ್ಳೇ. ಇಡೀ ಗಣೀಲಿ ಎಕ್ಸ್‌ಕವೇಟರ್ ಹತ್ತೋ ಮೊದಲನೇ ಹೆಂಗಸು. ನಾಳೆ ಎಂಟಕ್ಕೆ ಡೈರೆಕ್ಟರೇ ಬರ್ತಾರಂತೆ, ಮಿಠಾಯಿ ಎರಚ್ತಾರಂತೆ. ಎಲ್ಲಿ ನನ್ನ ಸುಯಿಂಶಿ?”

ರಿಸ್‌ಬೆಕ್ ಜೇಬಿಗೆ ಕೈಹಾಕಿ, ಸಿಕ್ಕಿದ ಒಂದೇ ಒಂದು ಕುರ್ತನ್ನು, ಕಲ್ಲಿನಂತೆ ಒಣಗಿದ ಉಪ್ಪುಮೊಸರಿನ ಉಂಡೆಯನ್ನು, ಮೇಲಿನಿಂದ ಬಿಟ್ಟ. ಅವಳು ಹಿಡಿದಳು, ತಿರುಗಿಸಿ ನೋಡಿದಳು.

“ಇದಾ? ಇದಕ್ಕೆ ಜೇಬಿನ ನೂಲು ಬೇರೆ ಅಂಟಿದೆ.”

“ಉಳಿದದ್ದು ಆಮೇಲೆ.”

“ನಂಗೆ ಹೂವಿನ ಬಟ್ಟೆ ಬೇಕು, ಅಂಗಿ ಹೊಲಿಸೋಕೆ. ನೆನಪಿರ್ಲಿ,” ಎಂದು ಕುರ್ತನ್ನು ಬಾಯಿಗೆ ಹಾಕಿಕೊಂಡು, ಎರಡನೆಯವರಿಗೆ ಹೇಳಿದರೆ ಉಡುಗೊರೆ ಸಿಗದಿದ್ದರೂ ಸುಖವಾದರೂ ಸಿಗುತ್ತದೆ ಎಂಬ ನಡಿಗೆಯಲ್ಲಿ, ಊಟದ ಮನೆಯ ಕಡೆ ಹೊರಟುಹೋದಳು.

ರಿಸ್‌ಬೆಕ್ ಯಂತ್ರದ ಟ್ಯಾಂಕಿಗೆ ಎಣ್ಣೆ ತುಂಬಿಸುವ ಪೀಪಾಯಿಯ ಕೈಪಂಪು ಹಿಡಿದು ಒತ್ತತೊಡಗಿದ. ಹಾಗಾದರೆ ಬೆಳಗಿನ ಆ ಚಹಾ. ಬೆಳಿಗ್ಗೆ ಸೊಸೆ ಕುರಲಾಯ್ ಅವನ ಬಟ್ಟಲಿಗೆ ಅಂಚಿನವರೆಗೆ ಚಹಾ ಸುರಿದಿದ್ದಳು. ಕಜಕರ ಮನೆಯಲ್ಲಿ ತಳ ಮುಚ್ಚುವಷ್ಟು ಕೊಟ್ಟು, ಮತ್ತೆ ಕೇಳಿ, ಮತ್ತೆ ಅಷ್ಟೇ ಕೊಟ್ಟರೆ ಅದು ಮರ್ಯಾದೆ. ಅಂಚಿಗೆ ತುಂಬಿಸಿಕೊಟ್ಟರೆ ಕುಡಿದು ಜಾಗ ಖಾಲಿ ಮಾಡು ಎಂದೇ ಅರ್ಥ, ಇದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ನಾಲ್ಕು ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ. ಅವನು ತುಂಬಿದ ಬಟ್ಟಲನ್ನು ನೋಡಿದ, ಹೆಂಡತಿ ಬಾತಿಮ ಕಿಟಕಿಯ ಹೊರಗೆ ನೋಡಿದಳು, ಮಗ ರೊಟ್ಟಿ ನೋಡಿದ. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಕಪ್ಪಾದ ಹಿಮ ಕರಗುತ್ತಿತ್ತು, ಅವನ ಮನಸ್ಸು ಮಾತ್ರ ಆ ಬಟ್ಟಲಿನ ಅಂಚಿನಲ್ಲೇ ನಡೆಯುತ್ತಿತ್ತು, ಒಂದು ಹನಿ ಚೆಲ್ಲದ ಹಾಗೆ. ಈಗ ಅರ್ಥವಾಯಿತು. ಅವಳಿಗೆ ನಿನ್ನೆಯೇ ಗೊತ್ತಿತ್ತು. ಮುದುಕ, ಕುಡಿದು ಏಳು, ನಿನ್ನ ಕುರ್ಚಿ ನನ್ನದು. ಪಂಪು ಕಿರುಗುಟ್ಟಿತು. ಟ್ಯಾಂಕಿನ ಪಕ್ಕದ ಗಾಜಿನ ಕಿಂಡಿಯಲ್ಲಿ, ಹಾಲು ಹಾಕದ ಚಹಾದ ಬಣ್ಣದ ಎಣ್ಣೆ ನಿಧಾನಕ್ಕೆ ಏರುತ್ತಿತ್ತು. ಗೆರೆ ಮುಟ್ಟುವವರೆಗೆ ಅವನು ಒತ್ತಿದ. ಅಳತೆಯ ವಿಷಯದಲ್ಲಿ ಇಪ್ಪತ್ತೇಳು ವರ್ಷ ಅವನನ್ನು ಯಾರೂ ಬೆರಳು ಮಾಡಿ ತೋರಿಸಿರಲಿಲ್ಲ.

ಇಪ್ಪತ್ತೇಳರಲ್ಲಿ ಹನ್ನೊಂದು ವರ್ಷ ಇದೇ ಯಂತ್ರದ ಮೇಲೆ. ನಾರ್ ಎಂದು ಹೆಸರಿಟ್ಟವನೂ ಅವನೇ. ಅಜ್ಜನ ಕಾಲದಲ್ಲಿ ಇಡೀ ಗುಡಾರವನ್ನು ಒಂದೇ ಬೆನ್ನಲ್ಲಿ ಹೊರುತ್ತಿದ್ದ ಒಂಟಿ ಡುಬ್ಬದ ಒಂಟೆಯನ್ನು ನಾರ್ ಅನ್ನುತ್ತಿದ್ದರು. ಮೂರು ವರ್ಷದ ಹಿಂದೆ ಗಣಿಯ ಆಸ್ಪತ್ರೆಯಲ್ಲಿ ಕಿವಿಗೆ ಡಬ್ಬಿ ಕಟ್ಟಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಅಂದರು. ಅವನು ಒತ್ತಿದ. ಎಡಗಿವಿಗೆ ಕೇಳಿ ಒತ್ತಿದ, ಬಲಗಿವಿಗೆ ಅಂದಾಜಿನಲ್ಲಿ ಒತ್ತಿದ, ನಡುನಡುವೆ ಸುಮ್ಮನೆ ಬಿಡುವುದು ಸಭ್ಯವಲ್ಲ ಅನ್ನಿಸಿ ಒಂದೆರಡು ಸಲ ಹೆಚ್ಚಿಗೆ ಒತ್ತಿದ. ಗಾಜಿನಾಚೆಯಿಂದ ನರ್ಸು ತಲೆ ಹಾಕಿ, “ಅತಾ, ನಾನಿನ್ನೂ ಯಂತ್ರ ಹಾಕೇ ಇಲ್ಲ,” ಅಂದಳು. ಮರುವಾರದಿಂದ ಯಂತ್ರ ತೊಳೆಯುವ ಕಟ್ಟೆಗೆ ವರ್ಗ. ಕೈಯಲ್ಲಿ ಬಿಸಿನೀರಿನ ಕೊಳವೆ. ಗಣಿಯಿಂದ ಬಂದ ಯಂತ್ರಗಳ ಕೆಸರು, ಮಸಿ, ಎಣ್ಣೆ ತೊಳೆದು, ಟ್ಯಾಂಕಿನಲ್ಲಿ ಕಡಿಮೆಯಾದ ಎಣ್ಣೆ ತುಂಬಿಸಿ ಮೆಕ್ಯಾನಿಕ್ಕುಗಳಿಗೆ ಒಪ್ಪಿಸುವುದು. ಸನ್ನೆಕೋಲು ಮುಟ್ಟುವ ಹಾಗಿಲ್ಲ.

ಸೊಸೆ ಅವನಿಗೆ ಇಟ್ಟ ಹೆಸರು ಬೇರೆ ಇದೆ. ಮಾವನ ಹೆಸರು ಸೊಸೆ ಹೇಳಬಾರದು, ಹಾಗಾಗಿ ಪ್ರತಿ ಸೊಸೆಯೂ ಬಂದ ಹೊಸದರಲ್ಲಿ ಮನೆಯವರಿಗೆಲ್ಲ ಒಂದೊಂದು ಅಡ್ಡಹೆಸರು ಹುಡುಕುತ್ತಾಳೆ. ಕುರಲಾಯ್ ಅವನಿಗೆ ‘ಮೇಲಿನ ಅತಾ’, ಅಂದರೆ ಮೇಲಿನ ತಾತ, ಎಂದಳು, ಅವನು ಆಗ ಮೂರಾಳು ಎತ್ತರದ ಕ್ಯಾಬಿನಿನಲ್ಲಿ ಕೂರುತ್ತಿದ್ದನಲ್ಲ. ಆಗ ಹಿಗ್ಗಿದ್ದ. ಕೆಳಗೆ ಬಿದ್ದ ಮೇಲೂ ಅವಳು ಹೆಸರು ಬದಲಿಸಲಿಲ್ಲ. ಮೂರು ವರ್ಷದಿಂದ ಅವಳು ಬಾಗಿಲಲ್ಲಿ ಅರೆ ಮಂಡಿ ಬಗ್ಗಿಸಿ ಸಲಾಮು ಮಾಡಿ, “ಮೇಲಿನ ಅತಾ ಬಂದ್ರು,” ಎಂದು ಅತ್ತೆಗೆ ಕೂಗಿ ಹೇಳುವಾಗಲೆಲ್ಲ ಆ ಕಣ್ಣಲ್ಲಿ ನಗು ಇದೆಯೋ ಇಲ್ಲವೋ ಎಂದು ಅವನು ಬೂಟು ಬಿಚ್ಚುವ ನೆಪದಲ್ಲಿ ಹುಡುಕುತ್ತಾನೆ.

ಪಂಪು ತೆಗೆದು, ಟ್ಯಾಂಕಿನ ಮುಚ್ಚಳವನ್ನು ಮೇಲಿಟ್ಟ, ತಿರುಗಿಸಲಿಲ್ಲ. ಸುತ್ತ ನೋಡಿದ. ಊಟದ ಹೊತ್ತು, ಅಂಗಳದಲ್ಲಿ ನರಪಿಳ್ಳೆ ಇಲ್ಲ. ಕ್ಯಾಬಿನಿನ ಬಾಗಿಲು ತೆಗೆದ. ಕೀಲಿ ಸನ್ನೆಕೋಲಿಗೇ ನೇತಾಡುತ್ತಿತ್ತು. ನಾಳೆಯಿಂದ ಈ ಕುರ್ಚಿಗೆ ಅವಳು ಹೂವಿನ ದಿಂಬು ಹಾಕುತ್ತಾಳೆ ಎಂದು ಯಾಕೋ ಅವನಿಗೆ ಖಾತ್ರಿಯಾಗಿತ್ತು. ಅದಕ್ಕೆ ಮುಂಚೆ ಒಂದು ಸಲ ಕೂತು ಏಳುತ್ತೇನೆ, ಯಾರಪ್ಪನ ಗಂಟು ಹೋಗುತ್ತದೆ. ಕೂತ. ಕುರ್ಚಿ ಅವನ ಬೆನ್ನಿನ ಗೂನನ್ನು ಇನ್ನೂ ಮರೆತಿರಲಿಲ್ಲ. ಇಂಜಿನ್ ಹಚ್ಚಿದ. ಕೆಳಹೊಟ್ಟೆ ತೊಳೆಯಲೆಂದು ಬೆಳಿಗ್ಗೆ ಮೆಕ್ಯಾನಿಕ್ಕು ತೋಳನ್ನು ಆಕಾಶಕ್ಕೆ ಎತ್ತಿಸಿ ನಿಲ್ಲಿಸಿದ್ದ. ಇಷ್ಟು ಎತ್ತಿ ನಿಂತರೆ ನಾರ್‌ಗೆ ತೋಳು ನೋಯುವುದಿಲ್ಲವೇ ಎಂದುಕೊಂಡು, ಎರಡು ಬೆರಳಿನಲ್ಲಿ ಸನ್ನೆಕೋಲನ್ನು ಕೂದಲೆಳೆಯಷ್ಟು ಮುಂದಕ್ಕೆ ಒತ್ತಿದ. ತೋಳು ಇಳಿಯಿತು. ಹಾಲು ಕುಡಿದ ಮಗು ತಲೆ ಇಳಿಸುವ ಹಾಗೆ ಇಳಿಯಿತು. ಅವನ ಕಣ್ಣು ಮಂಜಾಯಿತು. ಬಕೆಟ್ಟು ಸದ್ದಿಲ್ಲದೆ ನೆಲ ಮುಟ್ಟುವ ಹೊತ್ತಿಗೆ ಬಲಗಡೆಯ ಕನ್ನಡಿಯಲ್ಲಿ ಏನೋ ಹೊಳೆಯಿತು. ಬಲಗಿವಿಗೆ ಏನೂ ಕೇಳಿರಲಿಲ್ಲ. ಕನ್ನಡಿಯ ತುಂಬ ಜೇನಿನ ಬಣ್ಣದ ತೆಳು ಪರದೆಯೊಂದು ಇಳಿಬಿದ್ದು ಬಿಸಿಲಿಗೆ ಮಿನುಗುತ್ತಿತ್ತು, ಚೆಂದವಾಗಿತ್ತು, ಒಂದು ಗಳಿಗೆ ಅವನು ಅದನ್ನು ನೋಡುತ್ತಲೇ ಕೂತ.

ಆಮೇಲೆ ಇಂಜಿನ್ ಆರಿಸಿ, ಬಾಗಿಲು ತೆಗೆದು, ಮೆಟ್ಟಿಲು ಇಳಿಯುತ್ತ ಬಂದವನು ಕೊನೆಯಲ್ಲಿ ಜಾರಿ, ಕುಂಡೆಯ ಮೇಲೆ ಮೂರು ಮೆಟ್ಟಿಲು ಇಳಿದು ಕಟ್ಟೆಯ ಮೇಲೆ ಕೂತ. ಕೂತಲ್ಲೇ ತಿಳಿಯಿತು. ತೋಳು ಮೇಲೆದ್ದಿರುವಾಗ ಅರ್ಧ ಎಣ್ಣೆ ಸಿಲಿಂಡರುಗಳ ಒಳಗೆ ನಿಂತಿರುತ್ತದೆ, ಟ್ಯಾಂಕು ಬರಿದಾದಂತೆ ಕಾಣುತ್ತದೆ. ಆಗ ಗೆರೆಯವರೆಗೆ ತುಂಬಿಸಿದರೆ, ತೋಳು ಇಳಿದಾಗ ಆ ಎಣ್ಣೆಯೆಲ್ಲ ಮನೆಗೆ ವಾಪಸ್ ಬರುತ್ತದೆ, ಮನೆಯಲ್ಲಿ ಜಾಗ ಇರುವುದಿಲ್ಲ. ತರಬೇತಿಗೆ ಬಂದ ಮೊದಲ ದಿನದ ಹುಡುಗರೂ ಮಾಡದ ತಪ್ಪು. ಮಾಡುವುದಿಲ್ಲ, ಯಾಕೆಂದರೆ ಹುಡುಗರಿಗೆ ಅದನ್ನು ಹೇಳಿಕೊಟ್ಟವನು ಅವನೇ. ಹೋದ ಚಳಿಗಾಲದಲ್ಲಿ ಕುರಲಾಯ್‌ಗೂ ಹೇಳಿದ್ದ. ಅಂದರೆ, ಅವಳಿಗೆ ನೇರವಾಗಿ ಅಲ್ಲ. ಅಜ್ಜಿ ಬೆಳೆಸಿದ ಹುಡುಗಿ; ಈಗ ಯಾರ ಮನೆಯಲ್ಲೂ ಇಲ್ಲದ ಹಳೇ ಮರ್ಯಾದೆ ಅವಳದು, ಮಾವನ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡಳು. ಚಹಾದ ಕೆಟಲ್ಲಿಗೆ ಹೇಳಿದ್ದಳು, “ಎಣ್ಣೆ ಮಟ್ಟ ನೋಡೋದು ಹೇಗೆ ಅಂತ ಗೊತ್ತಿದ್ದೋರು ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು.” ಅವನೂ ಕೆಟಲ್ಲಿಗೇ ಹೇಳಿದ್ದ, “ಒಂಟೆಗೆ ಹೇರು ಹೊರಿಸೋ ಮುಂಚೆ ಅದನ್ನ ಮಂಡಿ ಊರಿಸಿ ಕೂರಿಸ್ತಾರೋ ಇಲ್ವೋ. ಹಾಗೇ. ಬಕೆಟ್ಟು ನೆಲಕ್ಕೆ ಊರಿದ ಮೇಲೇ ಗಾಜಿನ ಕಿಂಡಿ ನೋಡೋದು.” ಅವಳು ಪುಸ್ತಕದ ಅಂಚಿಗೆ ಒಂಟೆಯ ಚಿತ್ರ ಬರೆದುಕೊಂಡಿದ್ದಳು.

ಎಣ್ಣೆ ಇನ್ನೂ ಹನಿಯುತ್ತಿತ್ತು. ಹಿಂಬದಿಯ ಭಾರದ ಗಡ್ಡೆ, ಇಂಜಿನ್ನಿನ ಮುಚ್ಚಿಗೆ, ಕೈಕಂಬಿ, ಮೆಟ್ಟಿಲು, ಹಳದಿ ಬಣ್ಣವೆಲ್ಲ ಹಬ್ಬಕ್ಕೆ ಎಣ್ಣೆನೀರು ಹಾಕಿಸಿಕೊಂಡ ಹಾಗೆ ಮಿರಮಿರ. ನಾಳೆ ಬೆಳಿಗ್ಗೆ ಎಂಟಕ್ಕೆ ಡೈರೆಕ್ಟರು. ಜನ ಏನು ಅನ್ನುತ್ತಾರೆ ಎಂಬುದು ಅವನಿಗೆ ಅಕ್ಷರ ಅಕ್ಷರ ಕೇಳಿಸಿತು, ಅದಕ್ಕೆ ಕಿವಿ ಬೇಕಾಗಿರಲಿಲ್ಲ: ಸೊಸೆಗೆ ಸಿಕ್ಕಿತು ಅಂತ ಹೊಟ್ಟೆ ಉರಿದು ಮಾವ ಯಂತ್ರ ಕೆಡಿಸಿದ. ಅಲ್ಲ ಎಂದು ಕೂಗಿ ಹೇಳಬಹುದು. ಆದರೆ ಅಲ್ಲ ಎಂದು ಅವನಿಗಾದರೂ ಗೊತ್ತೇ? ಕಮ್ಶಾತ್ ಬರುವ ಮುಂಚೆ, ಯಾರನ್ನಾದರೂ ಕರೆದು ತೋಳು ಇಳಿಸಿಕೊಳ್ಳಬೇಕು ಎಂದು ಅವನು ಅಂದುಕೊಂಡದ್ದು ನಿಜ. ಸುದ್ದಿ ಕೇಳಿದ ಮೇಲೆ ಮರೆತದ್ದೂ ನಿಜ. ಮರೆತದ್ದು ತಲೆಯೋ, ಕೈಯೋ? ಕೈ ಮರೆತಿತ್ತೋ, ಮರೆತ ಹಾಗೆ ನಟಿಸಿತ್ತೋ? ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿದ. ಎಣ್ಣೆಯಲ್ಲಿ ಅದ್ದಿದ ಕೈ ಬಹಳ ಮುಗ್ಧವಾಗಿ ಹೊಳೆಯುತ್ತಿತ್ತು.

“ರಿಸ್‌ಬೆಕ್, ಇದೇನು?”

ಮುಖ್ಯ ಮೆಕ್ಯಾನಿಕ್ಕು ಕಾರ್ಲೊವಿಚ್ ಹಲ್ಲಿಗೆ ಕಡ್ಡಿ ಹಾಕಿಕೊಂಡು ಎಡಗಡೆ ನಿಂತಿದ್ದ. ಜರ್ಮನ್ ವಂಶದವನು, ಆದರೆ ತಾತನ ಕಾಲದಿಂದ ಇಲ್ಲಿಯವನೇ, ಹೆಂಡತಿ ಕಜಕ್. ಕುದುರೆ ಮಾಂಸ ತಿನ್ನುವುದರಲ್ಲಿ ರಿಸ್‌ಬೆಕ್‌ನನ್ನೂ ಮೀರಿಸುವವನು. ಪೈಪು ಒಡೆಯಿತು ಅಂದರೆ ಪೈಪು ಬಿಚ್ಚಿ ನೋಡುತ್ತಾನೆ. ಮುಚ್ಚಳ ಹಾರಿತು ಅಂದರೆ ಇಂಜಿನ್ ಹಚ್ಚಿದವರು ಯಾರು ಅನ್ನುತ್ತಾನೆ. ರಿಸ್‌ಬೆಕ್ ಎದ್ದು ನಿಂತು, ಅಂಗಿಯಿಂದ ಕೈ ಒರೆಸಿಕೊಂಡ. ಬಾಯಿ ತಾನಾಗಿಯೇ ತೆರೆದುಕೊಂಡಿತು, ಏನು ಹೇಳುತ್ತದೋ ಎಂದು ಅವನೂ ಕಾದ.

“ಸೊಸೆ ಮನೆಗೆ ಕಾಲಿಡುವಾಗ ಬೆಂಕಿಗೆ ಕೊಬ್ಬು ಕರಗಿಸಿ ಹೊಯ್ಯಲ್ವಾ, ಕಾರ್ಲೊವಿಚ್?”

“ಹೊಯ್ತಾರೆ.”

“ನಾಳೆ ನಮ್ಮ ಸೊಸೆ ಇದರ ಮನೆಗೆ ಕಾಲಿಡ್ತಾಳೆ.”

“ಹೂಂ.”

“ಅದಕ್ಕೆ.”

ಕಾರ್ಲೊವಿಚ್ ಕಡ್ಡಿಯನ್ನು ಬಾಯಿಯ ಆ ಮೂಲೆಯಿಂದ ಈ ಮೂಲೆಗೆ ಸಾಗಿಸಿದ. “ಹೊಯ್ಯೋದು ಸೊಸೆ. ಮಾವ ಹೊಯ್ದಿದ್ದು ನಾನು ಕೇಳಿಲ್ಲ.”

“ಅವಳಿಗೆ ಅಳತೆ ಗೊತ್ತಿಲ್ಲ. ಮದುವೇಲಿ ನನ್ನ ಮೀಸೆ ಸುಟ್ಟಿದ್ದು ನೀನೂ ನೋಡಿದೀಯ.”

“ನೋಡಿದೀನಿ. ನಿನಗೆ ಅಳತೆ ಗೊತ್ತು ಅನ್ನು.” ಅವನು ಯಂತ್ರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. “ನಮ್ಮ ಮದುವೇಲಿ ನನ್ನ ಹೆಂಡತಿ ಒಂದು ಸೌಟು ಹೊಯ್ದಳು. ನೀನು ಪೀಪಾಯಿ ಹೊಯ್ದಿದೀಯ.”

“ಇದು ದೊಡ್ಡ ಮನೆ, ಕಾರ್ಲೊವಿಚ್.”

ಮೆಟ್ಟಿಲಿನಿಂದ ಎಣ್ಣೆ ಟಪ್ಪೆನ್ನುತ್ತಿತ್ತು. ಕಾರ್ಲೊವಿಚ್‌ನ ಗಲ್ಲದಲ್ಲಿ ಏನೋ ಅದುರಿತು; ನಗುವೋ, ಹಲ್ಲುನೋವೋ.

“ಒಳ್ಳೇದು,” ಅಂದ. “ಹೊಯ್ದವನೇ ಹರಸಬೇಕು. ನಾಳೆ ಹರಸೋಕೆ ಊರಿಂದ ಯಾರೋ ಗಡ್ಡದ ಮುದುಕನ್ನ ಕರೆಸೋದ್ರಲ್ಲಿದ್ರು ಡೈರೆಕ್ಟರು. ಬೇಡ, ನಮ್ಮಲ್ಲೇ ಇದಾನೆ ಅಂತೀನಿ. ಅಂಗೈ ಬಿಡಿಸಿ, ನಾಲ್ಕು ಒಳ್ಳೇ ಮಾತು, ಎಲ್ರೆದುರು. ಸಾಯಂಕಾಲ ನಾಲ್ಕೂವರೆಗೆ ನಿನ್ನ ಈ ಸಂಪ್ರದಾಯ ಒಂದು ಹನೀನೂ ಕಾಣಬಾರ್ದು.”

ನಾಲ್ಕು ಒಳ್ಳೆಯ ಮಾತು. ಅಷ್ಟು ಹೊತ್ತಿಗೆ ಯಾರಾದರೂ ಅವನನ್ನು ಬೈದಿದ್ದರೆ ನೆಮ್ಮದಿಯಾಗುತ್ತಿತ್ತು.

ಮೊದಲು ನೆಲ. ಕಮ್ಶಾತಳ ಉಗ್ರಾಣದಿಂದ ಮರದ ಹೊಟ್ಟು ಬೇಕು. ಅವಳು ಎರಡು ಮೂಟೆ ಎಳೆದು ತಂದು ಕೊಟ್ಟು, “ಪಾಪ, ಎಂಥ ಮಾವ ಸಿಕ್ಕಿದಾರೆ ಆ ಹುಡುಗಿಗೆ, ಕೈಯಾರೆ ಎಣ್ಣೆ ಹೊಯ್ದರಂತೆ, ಊಟದ ಮನೇಲಿ ಇಬ್ರು ಹೆಂಗಸರು ಅತ್ರು,” ಎಂದಳು. ಅವಳ ಕಣ್ಣಂಚಿನಲ್ಲೂ ಏನೋ ಹೊಳೆದದ್ದು ನೋಡಿ ರಿಸ್‌ಬೆಕ್ ಬೇಗನೆ ಬಗ್ಗಿ ಮೂಟೆಯ ಬಾಯಿ ಬಿಚ್ಚಿದ. ಹೊಟ್ಟನ್ನು ಚೆಲ್ಲಿ, ಕಾಲಲ್ಲಿ ತುಳಿದು, ಎಣ್ಣೆ ಕುಡಿದು ಅದು ಬೆಲ್ಲದ ಬಣ್ಣಕ್ಕೆ ತಿರುಗಿದ ಮೇಲೆ ಸಲಿಕೆಯಲ್ಲಿ ಬಾಚಿ ಡಬ್ಬಕ್ಕೆ ತುಂಬಿದ. ಟ್ಯಾಂಕಿನಲ್ಲಿ ಹೆಚ್ಚಾದದ್ದನ್ನು ಕೊಳವೆಯಿಂದ ಇಳಿಸಿದ. ಆಮೇಲೆ ಮರದ ಚಕ್ಕೆಯಿಂದ ಮೇಲಿನಿಂದ ಕೆಳಕ್ಕೆ ಕೆರೆಯುತ್ತ ಬಂದ. ಕೆಳಗಿನಿಂದ ಶುರು ಮಾಡುವವರು ಮೂರ್ಖರು, ಮೇಲಿನದು ಮತ್ತೆ ಕೆಳಗಿಳಿಯುತ್ತದೆ. ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಬೇಗ ಆಗುತ್ತದೆ, ಬೇರೆಯವರು ಹಾಗೇ ಮಾಡುತ್ತಾರೆ, ಆದರೆ ರಬ್ಬರ್ ಪೈಪುಗಳು ಅದನ್ನು ಕುಡಿದು ಆರು ತಿಂಗಳಿಗೆ ಬಿರಿಯುತ್ತವೆ, ಆಗ ಒಳಗೆ ಕೂತವಳು ಯಾರು? ಅವನು ಸೋಡಾದ ನೀರನ್ನೇ ಬಿಸಿ ಮಾಡಿದ. ವಿದ್ಯುತ್ ತಂತಿಗಳ ಗಂಟುಗಳಿಗೆ ಪ್ಲಾಸ್ಟಿಕ್ ಸುತ್ತಿದ. ಆವಿಯ ಒಳಗೆ ನಿಂತು ಒಂದೊಂದು ಮೆಟ್ಟಿಲನ್ನೂ ಉಜ್ಜುವಾಗ, ಈ ಮೆಟ್ಟಿಲ ಮೇಲೆ ನಾಳೆ ಇಡುವ ಕಾಲು ಎಷ್ಟು ಚಿಕ್ಕದು ಎಂಬುದು ನೆನಪಾಯಿತು. ಮನೆಯ ಬಾಗಿಲಲ್ಲಿ ಅವನ ದೋಣಿಯಂಥ ಬೂಟುಗಳ ಪಕ್ಕ ಅವಳ ಬೂಟು ಮರಿಗಳ ಹಾಗೆ ನಿಂತಿರುತ್ತವೆ. ಮದುವೆಯ ದಿನ ಅದೇ ಕಾಲು ಗೇಟು ದಾಟಿ, ಅಂಗಳದ ಬೆಂಕಿಯ ಮುಂದೆ ಬಂದು ನಿಂತಿತ್ತು, ಅವಳು ತುಂಬಿದ ಕೊಬ್ಬಿನ ಸೌಟನ್ನು ಒಂದೇ ಏಟಿಗೆ ಬೋರಲು ಹಾಕಿದ್ದಳು. ಬೆಂಕಿ ತಾಯಿ, ಕೊಬ್ಬಿನ ತಾಯಿ, ಹರಸಿ ಎಂದು ಹೆಂಗಸರು ಹೇಳಿ ಮುಗಿಸುವ ಮುನ್ನವೇ ಬೆಂಕಿ ಆಳೆತ್ತರ ಎದ್ದು, ಹರಸಲು ಬಗ್ಗಿದ್ದ ಮಾವನ ಎಡಮೀಸೆಯನ್ನು ನೆಕ್ಕಿಕೊಂಡು ಹೋಯಿತು. ನೂರು ಜನ ನಕ್ಕರು. ಒಂದೂವರೆ ತಿಂಗಳು ಅರ್ಧ ಮೀಸೆಯಲ್ಲಿ ಗಣಿಗೆ ಬಂದ. ಬಲಗಡೆಯದನ್ನೂ ಬೋಳಿಸಿಬಿಡಿ ಎಂದು ಬಾತಿಮ ಎಷ್ಟು ಹೇಳಿದರೂ ಬೋಳಿಸಲಿಲ್ಲ, ಯಾಕೆ? ಆಗ ಅದನ್ನು ಹೆಮ್ಮೆ ಅಂದುಕೊಂಡಿದ್ದ. ಸೊಸೆಗೆ ದಿನಾ ನೆನಪಾಗಲಿ ಎಂದು ಇಟ್ಟುಕೊಂಡಿದ್ದನೇನೋ ಎಂದು ಈಗ, ಸೋಡಾ ನೀರಿನಲ್ಲಿ ಬೆರಳು ಉರಿಯುವಾಗ, ಮೊದಲ ಸಲ ಅನ್ನಿಸಿತು.

ಫೋನು ಗುಂಯ್‌ಗುಟ್ಟಿತು. ಬಾತಿಮ. ಎಡಗಿವಿಗೆ ಹಿಡಿದ.

“ಏನ್ರೀ, ನಾನು ಕೇಳಿದ್ದು ನಿಜವಾ? ಅವಳ ತಾಯಿ ಹಳ್ಳಿಯಿಂದ ಫೋನು ಮಾಡಿ ಅಳ್ತಿದಾರೆ. ಅಂಥ ಮಾವನ್ನ ಕೊಟ್ಟ ದೇವರಿಗೆ ಕುರಿ ಕಡೀತಾರಂತೆ.”

“ಹಳ್ಳಿಗೆ ಯಾರು ಹೇಳಿದ್ದು?”

“ಕಮ್ಶಾತ್. ಅವರ ಹತ್ರಾನೂ ಸುಯಿಂಶಿ ಕೇಳಿದಾಳೆ. ಅಲ್ಲಾರೀ, ನಲವತ್ತು ವರ್ಷ ನನ್ನ ಜೊತೆ ಬಾಳಿದೀರ, ನಂಗೆ ಒಂದು ಚಮಚ ಎಣ್ಣೆ ಹೊಯ್ದಿಲ್ಲ.”

“ಕೆಲಸ ಇದೆ, ಇಡ್ತೀನಿ.”

“ಮೀಸೆ ಹುಷಾರು,” ಎಂದು ನಕ್ಕು ಅವಳೇ ಇಟ್ಟಳು.

ಮೂರು ಮುಕ್ಕಾಲಿಗೆ ನಾರ್ ಹೊಸ ನಾಣ್ಯದ ಹಾಗೆ ನಿಂತಿತ್ತು. ಕಾರ್ಲೊವಿಚ್ ಬಂದು ಸುತ್ತು ಹಾಕಿ, ಬಿಳಿ ಕರವಸ್ತ್ರದಿಂದ ಕೈಕಂಬಿ ಒರೆಸಿ, ಕರವಸ್ತ್ರ ಬಿಳಿಯಾಗಿಯೇ ಇದ್ದದ್ದಕ್ಕೆ ಸ್ವಲ್ಪ ಬೇಜಾರಾದವನಂತೆ ಹೋದ. ಮುಗಿಯಿತು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಆದರೆ ರಿಸ್‌ಬೆಕ್ ಯಂತ್ರವನ್ನು ಬಿಟ್ಟು ಕದಲಲಿಲ್ಲ. ಇಂಜಿನ್ನಿನ ಕೆಳಗೆ ಒಂದು ಕಬ್ಬಿಣದ ತಟ್ಟೆ ಇದೆ, ಹನ್ನೆರಡು ಬೋಲ್ಟು ಹಾಕಿದ್ದು, ಕಲ್ಲಿದ್ದಲ ಮಸಿಯೆಲ್ಲ ಅದರಲ್ಲಿ ಬಂದು ಕೂರುತ್ತದೆ. ಮೇಲಿನಿಂದ ಸೋರಿದ ಎಣ್ಣೆಯೂ ಅಲ್ಲೇ ಇಳಿದಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಯಾರೂ ನೋಡುವುದಿಲ್ಲ. ಬೆನ್ನು ಬೇರೆ ನೋಯುತ್ತಿದೆ, ಜಾರಿ ಬಿದ್ದ ಜಾಗ ಬೇರೆ ಉರಿಯುತ್ತಿದೆ. ನಾಳೆ ಇಂಜಿನ್ ಕಾದು ಬಿಸಿಯಾಗುತ್ತದೆ. ನಾಡಿದ್ದೂ ಕಾಯುತ್ತದೆ. ಆಮೇಲೆ ಒಂದು ದಿನ ಮಸಿ, ಎಣ್ಣೆ, ಬಿಸಿ ಮೂರೂ ಸೇರಿ, ಅವನು ಬಾಯಿಗೆ ಬಂದಂತೆ ಹೇಳಿದ ಸುಳ್ಳನ್ನು ಬೆಂಕಿ ತಾಯಿ ನಿಜ ಮಾಡಿಕೊಡುತ್ತಾಳೆ. ಸೊಸೆ ಮೇಲೆ, ಮೂರಾಳು ಎತ್ತರದಲ್ಲಿ ಕೂತಿರುವಾಗ. ಅಲ್ಲಿಯವರೆಗೂ ತನ್ನ ಕೈ ಮರೆತಿತ್ತೋ ನಟಿಸಿತ್ತೋ ಎಂದು ತರ್ಕ ಮಾಡುತ್ತಿದ್ದವನು, ಈಗ ಬಿಟ್ಟು ನಡೆದರೆ ಅದು ಬೇಕಂತಲೇ ಮಾಡಿದ್ದು, ಆ ತರ್ಕಕ್ಕೆ ಕೆಲಸವೇ ಇರುವುದಿಲ್ಲ ಎಂದು ಕಂಡುಕೊಂಡ. ಸ್ಪ್ಯಾನರು ತೆಗೆದುಕೊಂಡು, ಹಲಗೆ ಹಾಸಿ, ಬೆನ್ನ ಮೇಲೆ ಮಲಗಿ ಒಳಗೆ ಸರಿದ.

ಹನ್ನೊಂದು ಬೋಲ್ಟು ಬಂದವು. ಹನ್ನೆರಡನೆಯದು ಅರ್ಧ ಬರುವಷ್ಟರಲ್ಲಿ ತಟ್ಟೆ ಒಂದು ಪಕ್ಕಕ್ಕೆ ವಾಲಿ, ಕಪ್ಪು ಅಂಬಲಿಯಂಥ ಎಣ್ಣೆಮಸಿ ಅವನ ಎದೆ, ಕತ್ತು, ಮೀಸೆಯ ಮೇಲೆ ಧಪ್ಪನೆ ಬಂದು ಕೂತಿತು. ಅವನು ಬಾಯಿ ಮುಚ್ಚಿಕೊಂಡು ಮಲಗಿದ್ದ. ಎಡಗಿವಿಗೆ ಹೆಜ್ಜೆ ಸದ್ದು ಕೇಳಿಸಿತು. ಕೆಳಗಿನ ಸಂದಿಯಲ್ಲಿ ಎರಡು ಚಿಕ್ಕ ಬೂಟು ಬಂದು ನಿಂತವು. ಆ ಬೂಟುಗಳ ಮೇಲಿನ ಮಂಡಿಗಳು ಅರೆ ಬಗ್ಗಿ, ಕಾಣುತ್ತಿದ್ದ ಅವನ ದೋಣಿ ಬೂಟುಗಳಿಗೆ ಸಲಾಮು ಮಾಡಿದವು.

“ಮೇಲಿನ ಅತಾ ಇಲ್ಲೇ ಇದಾರೇನೋ,” ಅಂದಿತು ಕುರಲಾಯ್‌ಳ ದನಿ, ಯಂತ್ರಕ್ಕೆ.

ಮೂರು ವರ್ಷದಿಂದ ಹುಡುಕುತ್ತಿದ್ದ ನಗು ಕಡೆಗೂ ಸಿಕ್ಕಿತು, ಆದರೆ ಅದು ಅವನದೇ ಹೊಟ್ಟೆಯಿಂದ ಎದ್ದದ್ದು. ನೆಲಕ್ಕಿಂತ ಕೆಳಗೆ ಹೋಗಲು ಇನ್ನು ಜಾಗವಿಲ್ಲದ ಕಡೆ, ಎಣ್ಣೆಮಸಿಯ ಕೆಳಗೆ, ಮೇಲಿನ ಅತಾ ನಕ್ಕ ರಭಸಕ್ಕೆ ಎದೆಯ ಮೇಲಿನ ತಟ್ಟೆ ಗಡಗಡ ಅಂದಿತು.

ನಗು ನಿಂತ ಮೇಲೆ ಅವಳು ನಾರ್‌ನ ಪಕ್ಕೆಯನ್ನು ತಟ್ಟಿ ಹೇಳಿದಳು. “ಏನೋ ನಾರ್, ಯಾರೋ ನಿಂಗೆ ಪ್ರೀತಿಯಿಂದ ಎಣ್ಣೆ ಹೊಯ್ದರಂತೆ. ಎಲ್ರೂ ಹೇಳ್ತಿದಾರೆ. ನಾನು ಆಗ್ಲೇ ಹತ್ತಿ ನಿನ್ನ ಟ್ಯಾಂಕಿನ ಮುಚ್ಚಳದ ಅಡಿ ನೋಡ್ದೆ, ಉಕ್ಕಿದ ಗುರುತು ಇನ್ನೂ ಇದೆ. ಎಣ್ಣೆ ಹೊರಗಿಂದ ಒಳಗೆ ಹೋಗಿಲ್ಲ, ಒಳಗಿಂದ ಹೊರಗೆ ಬಂದಿದೆ. ನಿನ್ನ ಮಂಡಿ ಊರಿಸದೆ ಹೇರು ಹೊರಿಸಿದೋರು ಯಾರಪ್ಪಾ?”

ಸುಳ್ಳು ಹೇಳಲು ಬಾಯಿ ಮತ್ತೆ ತಯಾರಾಗಿತ್ತು. ಮೀಸೆಯಿಂದ ಇಳಿದ ಒಂದು ಹನಿ ಅದರೊಳಗೆ ಬಿತ್ತು, ಕಹಿ. ಉಗಿದ.

“ನಾರ್, ಅವಳಿಗೆ ಹೇಳು,” ಅಂದ ರಿಸ್‌ಬೆಕ್, ಮುಖದ ಮೇಲಿನ ಕಬ್ಬಿಣಕ್ಕೆ. “ಒಬ್ಬ ಮುದುಕ ಗಾಜಿನ ಕಿಂಡಿ ನೋಡ್ದ, ನಿನ್ನ ತೋಳು ನೋಡ್ಲಿಲ್ಲ. ಬೆಳಿಗ್ಗೆ ಯಾರೋ ಅವನಿಗೆ ಬಟ್ಟಲು ತುಂಬಾ ಚಹಾ ಕೊಟ್ಟಿದ್ರು. ಅದೇ ತಲೇಲಿತ್ತು.”

ಚಿಕ್ಕ ಬೂಟುಗಳು ಒಂದು ಹೆಜ್ಜೆ ಹತ್ತಿರ ಬಂದವು. ದೂರದಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಕೂಗುತ್ತಿತ್ತು.

“ಮುದುಕ ಬಟ್ಟಲು ನೋಡಿದ್ನಂತೆ,” ಅಂದಳು ಅವಳು, ದನಿ ತಗ್ಗಿಸಿ. “ಸುರಿಯೋ ಕೈ ನಡುಗ್ತಿತ್ತು, ಅದನ್ನ ನೋಡ್ಲಿಲ್ವಂತೆ. ಹೇಳ್ಬೇಕು ಹೇಳ್ಬೇಕು ಅಂತ ರಾತ್ರಿಯೆಲ್ಲ ಕೆಟಲ್ಲಿಗೆ ಹೇಳೋ ಮಾತು ಜೋಡಿಸ್ತಿದ್ಳಂತೆ ಅವಳು. ಆ ಕುರ್ಚಿ ಕಿತ್ಕೊಂಡೆ ಅಂತ ಅಂದ್ಕೊಂಡ್ರೆ ಏನ್ಮಾಡೋದು ಅಂತ.”

“ಅಂದ್ಕೊಂಡ.”

“ಹೂಂ?”

“ಅಂದ್ಕೊಂಡ ಅಂತ ಹೇಳು. ಈಗ್ಲೂ ಸ್ವಲ್ಪ ಅಂದ್ಕೊಂಡಿದಾನೆ. ಪೂರ್ತಿ ಹೋಗೋಕೆ ಎರಡು ಸಲ ತೊಳೀಬೇಕಾಗುತ್ತೆ.”

ಬಟ್ಟೆಯ ಸದ್ದಾಯಿತು. ಅವಳು ಕೋಟು ಬಿಚ್ಚಿ, ಮಂಡಿಯೂರಿ, ಸಂದಿಯಿಂದ ಒಂದು ಕೈ ಒಳಗೆ ಚಾಚಿದಳು. ಮುಖ ಮಾತ್ರ ಆಚೆ ತಿರುಗಿತ್ತು, ಮರ್ಯಾದೆಗೆ. ಕೈಯಲ್ಲಿ ಒಣ ಚಿಂದಿಬಟ್ಟೆಯ ಉಂಡೆ. ಅವನು ತೆಗೆದುಕೊಂಡು ಮೀಸೆ ಒರೆಸಿದ. ಅವಳು ತಟ್ಟೆಯ ಒಂದು ಅಂಚು ಹಿಡಿದುಕೊಂಡಳು, ಅವನು ಹನ್ನೆರಡನೆಯ ಬೋಲ್ಟು ಬಿಚ್ಚಿದ, ಭಾರ ಇಬ್ಬರ ಕೈಗೂ ಸಮನಾಗಿ ಬಂತು. ಇಬ್ಬರೂ ಕೂಡಿ ಕೆರೆದರು. ಮಸಿ ಕೆರೆಯುವಾಗ ಅವಳ ಕೈ ನಡುಗುತ್ತಿರಲಿಲ್ಲ, ಅಂಚಿನ ಮೂಲೆಮೂಲೆಗೂ ಚಕ್ಕೆ ತಾಗಿಸುತ್ತಿತ್ತು, ಅವನು ಬಿಟ್ಟ ಒಂದು ಮೂಲೆಯನ್ನು ಅವಳು ಮತ್ತೆ ಕೆರೆದಾಗ ಅವನಿಗೆ ಸಿಟ್ಟು ಬಂತು, ಬಂದ ಹಾಗೇ ಹೋಯಿತು.

“ನಾಳೆ ಎಂಟಕ್ಕೆ ಯಾರೋ ಹರಸ್ತಾರಂತಲ್ಲ ನಾರ್,” ಅಂದಳು ಕೊನೆಯ ಚಕ್ಕೆಯನ್ನು ಡಬ್ಬಕ್ಕೆ ಬಡಿಯುತ್ತ. “ಎಣ್ಣೆ ಸಂಪ್ರದಾಯದ ಬಗ್ಗೆನೂ ಹೇಳ್ತಾರಾ?”

“ಅದನ್ನ ಹೇಳ್ದೆ ಬಿಟ್ರೆ ನಿನ್ನ ತಾಯಿ ಕುರಿ ಕಡಿಯೋದು ನಿಲ್ಲುತ್ತೆ,” ಎಂದುಬಿಟ್ಟ ರಿಸ್‌ಬೆಕ್. ನಿನ್ನ ಎಂದಿದ್ದ, ನೇರವಾಗಿ. ಇಬ್ಬರಿಗೂ ಕೇಳಿಸಿತು. ಯಂತ್ರದ ಆಚೆ ಈಚೆ ಇಬ್ಬರೂ ಆ ಮಾತು ಕೇಳಿಸದವರ ಹಾಗೆ ಇದ್ದರು. ಅವನು ಕೆಮ್ಮಿ, ಮತ್ತೆ ಕಬ್ಬಿಣದ ಕಡೆ ತಿರುಗಿದ. “ನಾರ್, ಅವಳಿಗೆ ಹೇಳು, ಎಂಟಕ್ಕೆ ಡೈರೆಕ್ಟರು. ಅವಳು ಏಳೂವರೆಗೇ ಬರ್ಲಿ. ಯಾರೂ ಬರೋ ಮುಂಚೆ ಅವಳೇ ಹತ್ತಿ, ನಿನ್ನ ತೋಳು ಎತ್ತಿ ಇಳಿಸಿ ಮಂಡಿ ಊರಿಸ್ಲಿ. ಮುದುಕ ಕೆಳಗೆ ನಿಂತು ಕಿಂಡಿ ನೋಡ್ತಾನೆ.”

ಚಿಕ್ಕ ಬೂಟುಗಳು ಎದ್ದು ನಿಂತವು, ಮಂಡಿ ಅರೆ ಬಗ್ಗಿಸಿದವು, ನೆಟ್ಟಗಾದವು.

“ಏಳೂವರೆಗೆ,” ಅಂದಳು ಕುರಲಾಯ್. “ಎಡಗಿವಿ ನನ್ನ ಕಡೆ ಇಟ್ಟು ನಿಂತ್ಕೊಳ್ಳೋಕೆ ಹೇಳು ನಾರ್. ನಾನು ಕೂಗಿದ್ದು ಅವರಿಗೆ ಕೇಳ್ಬೇಕಲ್ಲ.”